ಹೊಸ್ತಿಲ ದಿನಚರಿ, ಉಗುರಗಲದ ಕಾರ್ಡಿನಲ್ಲಿ

"ಅಲ್ಲ ಮಾರಾಯ, ನಮ್ಮ ಬಾಗಿಲಿಗೆ ಬಂದವರ ಮುಖ ಅಮೆರಿಕಕ್ಕೆ ಹೋಗಿ ಬಂದ ಮೇಲೆ ನಾನು ನೋಡ್ಬೇಕಾ?"

ಕಳೆದ ಬೇಸಿಗೆಯಲ್ಲಿ ತೀರ್ಥಹಳ್ಳಿ ಹತ್ತಿರದ ದೊಡ್ಡಮ್ಮನ ಮನೆಗೆ ವಿಡಿಯೊ ಡೋರ್‌ಬೆಲ್ ಹಾಕಲು ಹೋಗಿದ್ದಾಗ ಅವರು ಕೇಳಿದ ಪ್ರಶ್ನೆ ಇದು. ಮಕ್ಕಳಿಬ್ಬರೂ ದೂರದ ಊರುಗಳಲ್ಲಿದ್ದಾರೆ. ಮನೆಯಲ್ಲಿ ದೊಡ್ಡಮ್ಮ ಒಬ್ಬರೇ. ಬೆಲ್ ಒತ್ತಿದ ಕೂಡಲೇ ಕ್ಯಾಮೆರಾ ಎಚ್ಚರಗೊಳ್ಳುತ್ತದೆ, ದೃಶ್ಯ ವೈಫೈ ಮೂಲಕ ರೂಟರಿಗೆ, ಅಲ್ಲಿಂದ ಕಂಪನಿಯ ಸರ್ವರಿಗೆ ಹೋಗಿ ದಾಖಲಾಗುತ್ತದೆ, ಆಮೇಲೆ ಫೋನಿಗೆ ಬರುತ್ತದೆ ಎಂದು ವಿವರಿಸುತ್ತಿದ್ದೆ. ಆ ಸರ್ವರ್ ಮುಂಬೈಯಲ್ಲಿರಬಹುದು, ಸಿಂಗಪುರದಲ್ಲಿರಬಹುದು, ಅಮೆರಿಕದಲ್ಲೂ ಇರಬಹುದು ಎಂದೆ. ಜಗಲಿಯಿಂದ ನಡುಮನೆಗೆ ಇರುವುದು ಹತ್ತು ಹೆಜ್ಜೆ.

ದೊಡ್ಡಮ್ಮನ ಪ್ರಶ್ನೆಯಲ್ಲಿ ತಥ್ಯವಿತ್ತು. ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಮರ ಬಿದ್ದು ಲೈನ್ ಹರಿಯುತ್ತದೆ. ಕರೆಂಟ್ ಹೋಗಿ ಅರ್ಧ ದಿನವಾದರೆ ಮೊಬೈಲ್ ಟವರ್ ಕೂಡ ಸುಮ್ಮನಾಗುತ್ತದೆ. ಸರ್ವರನ್ನೇ ನಂಬಿಕೊಂಡ ಡೋರ್‌ಬೆಲ್ ಆ ಹೊತ್ತಿಗೆ ಬರೀ ಬೆಲ್ ಆಗಿಬಿಡುತ್ತದೆ. ಕಾವಲು ಬೇಕಾಗುವುದೂ ಅಂಥ ಕತ್ತಲೆಯ ದಿನಗಳಲ್ಲೇ. ಹಾಗಾಗಿ ತಿಂಗಳ ಬಾಡಿಗೆಯ ಕ್ಲೌಡ್ ಬಿಟ್ಟು, ವಿಡಿಯೊ ಮನೆಯಲ್ಲೇ ಉಳಿಯುವಂಥ ಏರ್ಪಾಡು ಮಾಡಲು ಕುಳಿತೆ.

ಇಂಥ ಸಾಧನದ ಮೂಲ ಕಲ್ಪನೆಯೂ ಒಂಟಿತನದ ಅಂಜಿಕೆಯಿಂದಲೇ ಹುಟ್ಟಿದ್ದು. ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ನರ್ಸ್ ಆಗಿದ್ದವರು. ಹೊತ್ತುಗೊತ್ತಿಲ್ಲದ ಪಾಳಿ, ಅನೇಕ ರಾತ್ರಿ ಮನೆಯಲ್ಲಿ ಒಬ್ಬರೇ. ಎಲೆಕ್ಟ್ರಾನಿಕ್ಸ್ ತಂತ್ರಜ್ಞರಾಗಿದ್ದ ಗಂಡ ಆಲ್ಬರ್ಟ್ ಜೊತೆ ಸೇರಿ 1966ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರಿನಲ್ಲಿ ಅದು ಸಿಕ್ಕಿತು. ಬಾಗಿಲಲ್ಲಿ ಬೇರೆ ಬೇರೆ ಎತ್ತರಕ್ಕೆ ನಾಲ್ಕು ಕಿಂಡಿಗಳು, ಅವುಗಳ ಹಿಂದೆ ಮೇಲೆ ಕೆಳಗೆ ಜಾರುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಪರದೆ, ಮಾತಾಡಲು ಮೈಕು, ಮಲಗಿದಲ್ಲಿಂದಲೇ ಚಿಲಕ ತೆಗೆಯುವ ಗುಂಡಿ. ಎತ್ತರದವರಿಗೊಂದು, ಮಕ್ಕಳಿಗೊಂದು ಎಂದು ಕಿಂಡಿ ಕೊರೆಸಬೇಕೆನ್ನುವುದು ಬಾಗಿಲ ಹಿಂದೆ ನಿಂತು ಹೆದರಿದವರಿಗೆ ಮಾತ್ರ ಹೊಳೆಯುವಂಥದ್ದು. ಅಲ್ಲಿ ಚಿತ್ರ ಹೋಗಬೇಕಿದ್ದದ್ದು ಮನೆಯೊಡತಿಯ ಕಣ್ಣಿಗೆ. ಬಾಗಿಲ ಚಿತ್ರ ದೂರದ ಕಂಪನಿಯ ಉಗ್ರಾಣಕ್ಕೆ ಹೋಗುವ ರೂಢಿ ಬೆಳೆದದ್ದು ಇಂಟರ್ನೆಟ್ ಬಂದ ಮೇಲೆ.

ಆ ಉಗ್ರಾಣದಲ್ಲಿ ಯಾರು ಏನು ನೋಡುತ್ತಾರೆ? ಅಮೆಜಾನ್ ಒಡೆತನದ ರಿಂಗ್ ಕಂಪನಿಯ ನೌಕರರು, ಗುತ್ತಿಗೆಯವರು ಗ್ರಾಹಕರ ಖಾಸಗಿ ವಿಡಿಯೊಗಳನ್ನು ತೆರೆದು ನೋಡಲು ಅವಕಾಶವಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ಮೇ ತಿಂಗಳಲ್ಲಿ ಆರೋಪಿಸಿತು. 58 ಲಕ್ಷ ಡಾಲರ್ ತೆರಲು ಒಪ್ಪಿ ಕಂಪನಿ ಆ ಪ್ರಕರಣವನ್ನು ಮುಗಿಸಿಕೊಂಡಿತು. ಹಾಗೆಂದು "ಲೋಕಲ್ ಸ್ಟೋರೇಜ್" ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದರೆ ನಿಶ್ಚಿಂತೆಯಿಂದ ಇರಬಹುದೆಂದಲ್ಲ. ದೃಶ್ಯ ಮನೆಯಲ್ಲೇ ಉಳಿಯುತ್ತದೆಂದು ಹೇಳಿಕೊಂಡಿದ್ದ ಯೂಫಿ ಬ್ರಾಂಡಿನ ಕ್ಯಾಮೆರಾಗಳು ಫೋನಿಗೆ ಸೂಚನೆ ಕಳಿಸುವ ನೆಪದಲ್ಲಿ ಮುಖಗಳ ಪುಟ್ಟ ಚಿತ್ರಗಳನ್ನು ಕ್ಲೌಡಿಗೆ ಏರಿಸುತ್ತಿದ್ದುದನ್ನು 2022ರ ಕೊನೆಯಲ್ಲಿ ಭದ್ರತಾ ಸಂಶೋಧಕರೊಬ್ಬರು ತೋರಿಸಿಕೊಟ್ಟರು. ದೊಡ್ಡಮ್ಮನ ಮನೆಯ ಸಾಧನದಲ್ಲಿ ಸೂಚನೆಯ ಜೊತೆ ಚಿತ್ರ ಕಳಿಸುವ ಆಯ್ಕೆಯನ್ನು ಮೊದಲೇ ಆಫ್ ಮಾಡಿ, "ಯಾರೋ ಬಂದಿದ್ದಾರೆ" ಎಂಬ ಬರಹವಷ್ಟೇ ಹೋಗುವಂತೆ ಮಾಡಿದೆ.

ಇನ್ನು ವಿಡಿಯೊ ಉಳಿಯುವ ಕಾರ್ಡು. ಮೈಕ್ರೊ ಎಸ್‌ಡಿ ಕಾರ್ಡಿನ ಉದ್ದ 15 ಮಿಲಿಮೀಟರ್, ಅಗಲ 11. ಹೆಬ್ಬೆರಳಿನ ಉಗುರಿನಷ್ಟು. ಇದರಲ್ಲಿ ಎಷ್ಟು ಹಿಡಿಯುತ್ತದೆಂದು ದೊಡ್ಡಮ್ಮನ ಜಗಲಿಯಲ್ಲೇ ಕುಳಿತು ಲೆಕ್ಕ ಹಾಕಿದೆ. 1080ಪಿ ಎನ್ನುವ ದೃಶ್ಯದ ಒಂದು ಚೌಕಟ್ಟಿನಲ್ಲಿ 1920 ಅಡ್ಡ, 1080 ಉದ್ದ, ಒಟ್ಟು 20,73,600 ಚುಕ್ಕಿಗಳು. ಒಂದೊಂದು ಚುಕ್ಕಿಯ ಬಣ್ಣ ಬರೆದಿಡಲು ಮೂರು ಬೈಟ್ ಬೇಕು. ಅಂದರೆ ಒಂದು ಚೌಕಟ್ಟಿಗೆ 62 ಲಕ್ಷ ಬೈಟ್. ಸೆಕೆಂಡಿಗೆ 15 ಚೌಕಟ್ಟು ಹಿಡಿದರೂ 93 ಮೆಗಾಬೈಟ್. ಇದ್ದದ್ದನ್ನು ಇದ್ದ ಹಾಗೇ ಬರೆದರೆ 128 ಜಿಬಿ ಕಾರ್ಡು ಇಪ್ಪತ್ತಮೂರು ನಿಮಿಷದಲ್ಲಿ ತುಂಬಿಹೋಗುತ್ತದೆ!

ಅದನ್ನು ದಿನಗಟ್ಟಲೆ ಹಿಗ್ಗಿಸುವುದು ಸಂಕುಚನದ ವಿದ್ಯೆ. ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನು ನೆನೆಸಿಕೊಳ್ಳಿ. ರಂಗಸ್ಥಳ, ಅದರ ಕಂಬ, ಹಿಂದೆ ಕುಳಿತ ಭಾಗವತರು ಬೆಳಗಿನವರೆಗೂ ಅಲ್ಲಲ್ಲೇ. ಬದಲಾಗುತ್ತಿರುವುದು ವೇಷಗಳು, ಅವರ ಹೆಜ್ಜೆಗಳು. ಕ್ಯಾಮೆರಾದೊಳಗಿನ ಚಿಪ್ ಕೂಡ ಒಂದು ಪೂರ್ಣ ಚೌಕಟ್ಟನ್ನು ಬರೆದಿಟ್ಟುಕೊಂಡು, ಮುಂದಿನ ಕೆಲವು ಸೆಕೆಂಡು ಎಲ್ಲಿ ಏನು ಸರಿಯಿತು ಎಂಬುದನ್ನಷ್ಟೇ ಬರೆಯುತ್ತ ಹೋಗುತ್ತದೆ. 2003ರ ಎಚ್.264, ಅದಾದ ಹತ್ತು ವರ್ಷಕ್ಕೆ ಬಂದ ಎಚ್.265 ಎಂಬ ಮಾನಕಗಳು ಈ ಕೆಲಸದವು. ಸೆಕೆಂಡಿಗೆ ಎರಡು ಮೆಗಾಬಿಟ್ಟಿಗೆ ಇಳಿಸಿದರೆ ಗಂಟೆಗೆ 900 ಮೆಗಾಬೈಟ್, ದಿನಕ್ಕೆ ಸುಮಾರು 21.6 ಜಿಬಿ. ಅದೇ ಕಾರ್ಡು ಈಗ ಐದಾರು ದಿನಕ್ಕೆ ಬರುತ್ತದೆ. ಜೋರು ಮಳೆಯಲ್ಲಿ ಮಾತ್ರ ಈ ಜಾಣತನ ಸೋಲುತ್ತದೆ: ಪ್ರತಿ ಹನಿಯೂ ಚಿಪ್ಪಿನ ಲೆಕ್ಕದಲ್ಲಿ ಹೊಸ ಚಲನೆ, ಹಾಗಾಗಿ ಒಂದೋ ಫೈಲು ಉಬ್ಬುತ್ತದೆ ಇಲ್ಲವೇ ಚಿತ್ರ ಮಸುಕಾಗುತ್ತದೆ.

ಇನ್ನೂ ಉಳಿಸಬೇಕೆಂದರೆ ಸದಾ ದಾಖಲಿಸುವುದನ್ನು ಬಿಟ್ಟು ಯಾರಾದರೂ ಬಂದಾಗ ಮಾತ್ರ ದಾಖಲಿಸಬೇಕು. ಬಿಸಿ ಮೈ ಎದುರು ಸುಳಿದರೆ ಅದರ ಅವಕೆಂಪು ಕಿರಣದ ಏರಿಳಿತವನ್ನು ಪಿಐಆರ್ ಎಂಬ ಸಂವೇದಕ ಗುರುತಿಸಿ ಕ್ಯಾಮೆರಾವನ್ನು ಎಬ್ಬಿಸುತ್ತದೆ. ಮನುಷ್ಯರು, ದನ, ನಾಯಿ ಅದಕ್ಕೆ ಕಾಣುತ್ತವೆ. ತಣ್ಣನೆ ಮೈಯ ಕಪ್ಪೆ ಸಾಮಾನ್ಯವಾಗಿ ಕಾಣುವುದಿಲ್ಲ. ದಿನಕ್ಕೆ ಮೂವತ್ತು ಬಾರಿ, ತಲಾ ಅರ್ಧ ನಿಮಿಷ ದಾಖಲಾದರೆ 225 ಮೆಗಾಬೈಟ್. ಆ ಲೆಕ್ಕದಲ್ಲಿ ಕಾರ್ಡು ತುಂಬಲು ಒಂದೂವರೆ ವರ್ಷ ಬೇಕು. ದೊಡ್ಡಮ್ಮನ ಮನೆಗೆ ಇದನ್ನೇ ಆರಿಸಿದೆ.

ಕಾರ್ಡಿನ ಆಯುಷ್ಯದ ಬಗ್ಗೆ ತುಸು ಹೆಚ್ಚು ಹೇಳಲೇಬೇಕು, ಏಕೆಂದರೆ ಹೆಚ್ಚಿನವರ ಮನೆಯಲ್ಲಿ ಏರ್ಪಾಡು ಕೈಕೊಡುವುದು ಇಲ್ಲೇ. ಕಾರ್ಡಿನೊಳಗಿರುವ ಫ್ಲ್ಯಾಶ್ ಸ್ಮೃತಿಯನ್ನು ರೂಪಿಸಿದವರು ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕಾ. 1984ರಲ್ಲಿ ಲೋಕದ ಮುಂದಿಟ್ಟರು. ಇಡೀ ತುಂಡಿನ ಬರಹ ಒಮ್ಮೆಗೇ ಅಳಿಯುವುದು ಕ್ಯಾಮೆರಾದ ಫ್ಲ್ಯಾಶಿನಂತಿದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ಆ ಹೆಸರು ಬಂತು. ಕಾರ್ಡಿನೊಳಗೆ ಕೋಟ್ಯಂತರ ಕೋಶಗಳಿವೆ. ಒಂದೊಂದರಲ್ಲೂ ಎಲೆಕ್ಟ್ರಾನುಗಳನ್ನು ಕೂಡಿಹಾಕುವ ಪದರ, ಅದರ ಸುತ್ತ ವಿದ್ಯುತ್ ಹರಿಯದ ಗೋಡೆ. ಹೆಚ್ಚಿನ ವೋಲ್ಟೇಜ್ ಕೊಟ್ಟಾಗ ಎಲೆಕ್ಟ್ರಾನುಗಳು ಗೋಡೆಯನ್ನು ಹಾದು ಒಳಸೇರುತ್ತವೆ. ಸಾಮಾನ್ಯ ಭೌತಶಾಸ್ತ್ರಕ್ಕೆ ಒಗ್ಗದ, ಕ್ವಾಂಟಂ ಲೋಕದಲ್ಲಿ ಮಾತ್ರ ಸಾಧ್ಯವಾಗುವ ಸುರಂಗ ಪಯಣ ಅದು. ಕರೆಂಟ್ ಹೋದರೂ ಅವು ಒಳಗೇ ಉಳಿಯುವುದರಿಂದ ನೆನಪು ಅಳಿಯುವುದಿಲ್ಲ. ಆದರೆ ಹಾಯುವಾಗಲೆಲ್ಲ ಗೋಡೆಗೆ ಸಣ್ಣ ಗಾಯವಾಗುತ್ತದೆ. ಇಂದಿನ ಸಾಧಾರಣ ಕಾರ್ಡಿನ ಕೋಶ ಸುಮಾರು ಒಂದರಿಂದ ಮೂರು ಸಾವಿರ ಸಲ ಬರೆದು ಅಳಿಸುವುದನ್ನು ತಾಳಿಕೊಳ್ಳುತ್ತದೆ.

128 ಜಿಬಿ ಕಾರ್ಡನ್ನು ಸದಾ ದಾಖಲಿಸುತ್ತ ಆರು ದಿನಕ್ಕೊಮ್ಮೆ ಮರುಬರೆದರೆ ವರ್ಷಕ್ಕೆ ಅರವತ್ತು ಸಲವಾಯಿತು. ಹದಿನೈದು ವರ್ಷ ಬರಬೇಕಲ್ಲ? ಕಾಗದದ ಮೇಲೆ ಹೌದು. ಆದರೆ ಫ್ಲ್ಯಾಶ್ ವಿಚಿತ್ರವಾದ ಸ್ಲೇಟು: ಒಂದು ಅಕ್ಷರ ತಿದ್ದಬೇಕಾದರೂ ಇಡೀ ಸ್ಲೇಟು ಒರೆಸಿ ಮತ್ತೆ ಬರೆಯಬೇಕು. ಸಣ್ಣಸಣ್ಣ ಫೈಲುಗಳು, ಅವುಗಳ ಪಟ್ಟಿ ಪದೇ ಪದೇ ಬದಲಾಗುವಾಗ ನಿಜವಾದ ಬರವಣಿಗೆ ಹಲವು ಪಟ್ಟು ಹೆಚ್ಚುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯ ಬಿಸಿಲು ಬೇರೆ. 32 ಜಿಬಿ ಕಾರ್ಡಾದರೆ ಒಂದೂವರೆ ದಿನಕ್ಕೊಮ್ಮೆ ಮರುಬರಹ. ಒಂದೆರಡು ವರ್ಷದಲ್ಲೇ ಅದು ದಣಿದರೆ ಅಚ್ಚರಿಯಿಲ್ಲ. ಆದ್ದರಿಂದ ಅಂಗಡಿಯಲ್ಲಿ "ಹೈ ಎಂಡ್ಯೂರೆನ್ಸ್" ಎಂದು ಬರೆದ, ಆದಷ್ಟು ದೊಡ್ಡ ಕಾರ್ಡನ್ನೇ ಕೇಳಿ. ಫೋನಿನ ಹಳೆಯ ಕಾರ್ಡನ್ನು ಇದಕ್ಕೆ ಹಾಕಬೇಡಿ.

ಕೂರಿಸುವ ಕೆಲಸ ಕಷ್ಟದ್ದಲ್ಲ. ಒಂದೇ ಒಂದು ಕಡೆ ಅಪಾಯವಿದೆ, ಅದನ್ನು ಒತ್ತಿ ಹೇಳುತ್ತೇನೆ. ಅಮೆರಿಕದ ಮನೆಗಳಲ್ಲಿ ಬೆಲ್ಲಿನ ತಂತಿಗೆ ಟ್ರಾನ್ಸ್‌ಫಾರ್ಮರ್ ಇಳಿಸಿಕೊಟ್ಟ 16ರಿಂದ 24 ವೋಲ್ಟ್ ಬರುತ್ತದೆ. ನಮ್ಮ ಬೆಲ್ ಪಾಯಿಂಟಿನಲ್ಲಿ ಸಾಮಾನ್ಯವಾಗಿ ಇರುವುದು ನೇರ 230 ವೋಲ್ಟ್. ಹೊರದೇಶದಿಂದ ಮಕ್ಕಳು ತಂದುಕೊಟ್ಟ ಡೋರ್‌ಬೆಲ್ಲನ್ನು ಅದಕ್ಕೆ ಸೇರಿಸಿದರೆ ಸಾಧನ ಸುಟ್ಟುಹೋಗುತ್ತದೆ, ಕೈಗೂ ಅಪಾಯ. ಬ್ಯಾಟರಿಯದನ್ನು ಕೊಳ್ಳಿ, ಇಲ್ಲವೇ ಎಲೆಕ್ಟ್ರಿಷಿಯನ್ ಕರೆಸಿ ತಕ್ಕ ಅಡಾಪ್ಟರ್ ಹಾಕಿಸಿ. ಕಾರ್ಡನ್ನು ಸಾಧನ ಆಫ್ ಮಾಡಿದ ಮೇಲೆ ಹಾಕಬೇಕು. ಫಾರ್ಮ್ಯಾಟ್ ಮಾಡುವುದು ಡೋರ್‌ಬೆಲ್ಲಿನ ಆ್ಯಪಿನಿಂದಲೇ ಆಗಬೇಕು, ಯಾಕೆಂದರೆ ಫೈಲುಗಳನ್ನು ಜೋಡಿಸಿಡುವ ಕ್ರಮ ಒಂದೊಂದು ಸಾಧನಕ್ಕೆ ಒಂದೊಂದು. ಹಳೆಯದರ ಮೇಲೆ ಹೊಸದನ್ನು ಬರೆಯುವ ಆಯ್ಕೆ ಚಾಲೂ ಇರಲಿ, ಇಲ್ಲದಿದ್ದರೆ ಕಾರ್ಡು ತುಂಬಿದ ದಿನ ದಾಖಲಾತಿ ನಿಂತುಬಿಡುತ್ತದೆ. ರಬ್ಬರಿನ ಮುಚ್ಚಳವನ್ನು ಬೆರಳಿನಿಂದ ಸುತ್ತಲೂ ಒತ್ತಿ; ಮಲೆನಾಡಿನ ತೇವ ಕೂದಲೆಳೆಯ ಸಂದಿಯಲ್ಲೂ ನುಗ್ಗುತ್ತದೆ. ವೈಫೈಗೆ 2.4 ಗಿಗಾಹರ್ಟ್ಸ್ ಆರಿಸಿ, ದಪ್ಪ ಜಂಬಿಟ್ಟಿಗೆ ಗೋಡೆಯನ್ನು 5 ಗಿಗಾಹರ್ಟ್ಸಿಗಿಂತ ಅದು ಚೆನ್ನಾಗಿ ದಾಟುತ್ತದೆ.

ಕಾರ್ಡು ಇರಬೇಕಾದದ್ದು ಎಲ್ಲಿ ಎನ್ನುವುದು ಬೇರೆಯೇ ಪ್ರಶ್ನೆ. ಡೋರ್‌ಬೆಲ್ಲಿನೊಳಗೇ ಇದ್ದರೆ ಕಳ್ಳ ಅದನ್ನು ಕಿತ್ತುಕೊಂಡು ಹೋದಾಗ ಅವನ ಮುಖವೂ ಅವನ ಜೇಬಿನಲ್ಲೇ ಹೋಗುತ್ತದೆ. ಕೆಲವು ಕಂಪನಿಗಳ ಸಾಧನಗಳಲ್ಲಿ ಒಳಗಿನ ಗಂಟೆಯ ಪೆಟ್ಟಿಗೆಯಲ್ಲೇ ಕಾರ್ಡಿನ ಜಾಗವಿರುತ್ತದೆ. ನನ್ನ ಮನಸ್ಸು ಒಪ್ಪಿದ್ದು ಅದನ್ನೇ. ದೊಡ್ಡಮ್ಮನ ಮನೆಯಲ್ಲಿ ಆ ಪೆಟ್ಟಿಗೆ ಅಡುಗೆಮನೆಯ ಅಟ್ಟದ ಮೇಲಿದೆ, ರೂಟರಿನ ಜೊತೆಗೇ ಸಣ್ಣ ಯುಪಿಎಸ್‌ಗೆ ಸೇರಿಸಿದ್ದೇನೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲುಗಳ ಪಟ್ಟಿ ಅರೆಬರೆಯಾಗಿ ಇಡೀ ಕಾರ್ಡು ಓದಲಾಗದಂತೆ ಆಗಬಹುದು. ಆಗಾಗ ಕರೆಂಟ್ ಹೋಗುವ ಮನೆಗೆ ಯುಪಿಎಸ್ ಅಗತ್ಯವೇ.

ಮುಗಿಯಿತು ಎಂದುಕೊಳ್ಳುವ ಮೊದಲು ಇಂಟರ್ನೆಟ್ ತಂತಿ ಕಿತ್ತು, ರೂಟರ್ ಚಾಲೂ ಇರುವಾಗಲೇ ಬಾಗಿಲೆದುರು ಓಡಾಡಿ ನೋಡಿ. ದಾಖಲಾಗಿದೆಯೇ, ಮನೆಯ ವೈಫೈಯಲ್ಲಿ ನೋಡಲು ಸಿಗುತ್ತದೆಯೇ ಎಂದು ಅಲ್ಲೇ ತಿಳಿಯುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಗಡಿಯಾರವನ್ನೂ ಗಮನಿಸಿ. ಇಂಟರ್ನೆಟ್ಟಿನಿಂದ ಸಮಯ ಕೇಳಿ ತಿಳಿಯುವ ಇಂಥ ಎಷ್ಟೋ ಸಾಧನಗಳು ಉತ್ತರ ಸಿಗದಿದ್ದರೆ 1970ರ ಜನವರಿ 1ಕ್ಕೆ ಹೋಗಿ ನಿಲ್ಲುತ್ತವೆ, ಕಂಪ್ಯೂಟರುಗಳ ಒಂದು ದೊಡ್ಡ ಕುಟುಂಬದ ಕಾಲಗಣನೆ ಶುರುವಾಗುವ ದಿನ ಅದು.

ತಾರೀಖು ತಪ್ಪಿದ ವಿಡಿಯೊ ಪೊಲೀಸರ ಮುಂದೆ ಸೊರಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ ನಮೂದಿಸಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದಂತೆ. ಒಂದೇ ಒಂದು ಬಿಟ್ ಬದಲಾದರೂ ಇಡೀ ಸಂಖ್ಯೆ ಬೇರೆಯಾಗುತ್ತದೆ. ಏನಾದರೂ ನಡೆದರೆ ಮರುಬರಹಕ್ಕೆ ಸಿಕ್ಕಿ ಅಳಿಯುವ ಮೊದಲೇ ಕಾರ್ಡನ್ನು ಹೊರತೆಗೆದು ಕಾಪಾಡಿ, ಹೊಸದೊಂದನ್ನು ಹಾಕಿ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ ತೀರ್ಪಿನಲ್ಲಿ ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ನಮ್ಮ ಬಾಗಿಲ ಮುಂದೆ ಹಾಯುವವರಿಗೂ ಉಂಟು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 2021ರಲ್ಲಿ ನೆರೆಹೊರೆಯವರ ಡೋರ್‌ಬೆಲ್ ಜಗಳ ಕೋರ್ಟಿಗೆ ಹೋದಾಗ, ಚಿತ್ರಕ್ಕಿಂತ ದೂರದ ಮಾತನ್ನೂ ಹಿಡಿಯುವ ಮೈಕೇ ಹೆಚ್ಚು ತೊಂದರೆಯದು ಎಂದರು ನ್ಯಾಯಾಧೀಶರು. ದೊಡ್ಡಮ್ಮನ ಜಗಲಿಯಲ್ಲಿ ಸಂಜೆ ನಾಲ್ಕು ಜನ ಕೂತು ಕಷ್ಟಸುಖ ಹೇಳಿಕೊಳ್ಳುತ್ತಾರೆ. ಹಾಗಾಗಿ ದಾಖಲಾತಿಯಲ್ಲಿ ಧ್ವನಿ ಬಾರದಂತೆ ಮಾಡಿದೆ. ಆಚೆಮನೆಯ ಅಂಗಳ ಕಾಣದಂತೆ ಕ್ಯಾಮೆರಾವನ್ನು ತುಸು ಓರೆ ಮಾಡಿದೆ.

ಜುಲೈಯಲ್ಲಿ ಮೂರು ದಿನ ಅಲ್ಲಿಂದ ಫೋನೇ ಬರಲಿಲ್ಲ. ಲೈನ್ ಸರಿಯಾದ ಮೇಲೆ ಹೋದೆ. ಯುಪಿಎಸ್ ಮೊದಲ ರಾತ್ರಿ ಬೆಳಗಾಗುವವರೆಗೆ ತಡೆದಿತ್ತು. ಕಾರ್ಡಿನಲ್ಲಿ ಮಳೆಗೊಪ್ಪೆ ಹೊದ್ದು ಬಂದ ಹಾಲಿನವರು, ಹಗ್ಗ ಹೆಗಲಿಗೇರಿಸಿದ ಲೈನ್‌ಮನ್ ಇದ್ದರು. ಜಗಲಿಯಲ್ಲಿ ತೂಗುಹಾಕಿದ್ದ ಬಾಳೆಗೊನೆಯ ಹಣ್ಣು ರಾತ್ರಿ ಯಾರು ತಿನ್ನುತ್ತಾರೆಂಬುದು ದೊಡ್ಡಮ್ಮನಿಗೆ ಎರಡು ತಿಂಗಳಿಂದ ತಿಳಿಯದ ಸಂಗತಿಯಾಗಿತ್ತು. ಒಂದು ಗಂಟೆ ನಲವತ್ತು ನಿಮಿಷಕ್ಕೆ ಕಂಬ ಹತ್ತಿ ಬಂದ ಪುನುಗಿನ ಬೆಕ್ಕು ಹದಿನೆಂಟು ಸೆಕೆಂಡು ಕ್ಯಾಮೆರಾದ ಎದುರಿತ್ತು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಮೂರು ಸಲ ನೋಡಿದರು. "ಇದನ್ನ ಅಳಿಸ್ಬೇಡ, ಮಕ್ಕಳು ಬಂದಾಗ ತೋರಿಸ್ಬೇಕು" ಎಂದರು. ಅದೊಂದನ್ನು ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡು, ಕಾರ್ಡನ್ನು ಮತ್ತೆ ಅಟ್ಟದ ಪೆಟ್ಟಿಗೆಗೆ ಹಾಕಿದೆ.