ಎಲೆ ಮುರಿಯುವ ಕಾಲದಲ್ಲಿ ಬಸುರಿ

ಮಳೆಗಾಲದಲ್ಲಿ ಪಿರಿಯಾಪಟ್ಟಣ, ಹುಣಸೂರು ಕಡೆ ವರ್ಜೀನಿಯಾ ಹೊಗೆಸೊಪ್ಪಿನ ಎಲೆ ಮುರಿಯಲು ಶುರುವಾದರೆ ಹೆಂಗಸರಿಗೆ ಬಿಡುವಿಲ್ಲ. ನೆಂದ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗಿಳಿಯುತ್ತದೆ, ತಲೆಸುತ್ತು, ವಾಂತಿ. ಬಸುರಾದಾಗಲೂ ಅದೇ ತಲೆಸುತ್ತು, ಅದೇ ವಾಂತಿ. ಸೊಪ್ಪಿನ ಘಾಟು ಅಂದುಕೊಂಡೇ ತಿಂಗಳು ಕಳೆದುಬಿಡಬಹುದು. ಅಷ್ಟರಲ್ಲಿ ನಿಕೋಟಿನ್ ಮಾಸು ದಾಟಿ ಮಗುವಿಗೂ ಮುಟ್ಟಿರುತ್ತದೆ.

ಇದರ ಮೇಲೆ ರಕ್ತಹೀನತೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತ ಸಾಲದು. ಅಂಥವರಿಗೆ ಹೆರಿಗೆಯ ಹೊತ್ತಿನ ಸಾಧಾರಣ ರಕ್ತಸ್ರಾವವೂ ಪ್ರಾಣಕ್ಕೆ ಕುತ್ತಾಗಬಹುದು. ಎಚ್.ಡಿ. ಕೋಟೆಯ ಹಾಡಿಗಳ ಜೇನುಕುರುಬರಲ್ಲಿ ಸಿಕಲ್ ಸೆಲ್ ಕಾಯಿಲೆಯೂ ಇದೆ. ಆ ಕಾಯಿಲೆಯವರ ಬಸುರಿಗೆ ಅಪಾಯ ಹೆಚ್ಚು, ಆಸ್ಪತ್ರೆ ದೂರ. 2018-20ರಲ್ಲಿ ರಾಜ್ಯದಲ್ಲಿ ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತರು. ದಕ್ಷಿಣದ ಐದು ರಾಜ್ಯಗಳಲ್ಲಿ ಅದೇ ಹೆಚ್ಚು, ಕೇರಳದಲ್ಲಿ 19.

ಇಂಥ ಮೈಗೆ ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ ಅಂತರ ಸಿಕ್ಕರೆ ಜೀವ ಉಳಿಯುತ್ತದೆ. ನಮ್ಮಲ್ಲಿ ಅಂತರದ ಮಾತು ಕಡಿಮೆ, ನಿಲ್ಲಿಸುವ ಮಾತೇ ಹೆಚ್ಚು. ‘ಎರಡಾದ ಮೇಲೆ ಆಪರೇಷನ್ ಮಾಡಿಸಿಬಿಡಿ’ ಅಂದರೆ ಮುಗಿಯಿತು. ಅದೇ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿತ್ತು. ಗಂಡಸರ ಲೆಕ್ಕ ಶೂನ್ಯದ ಆಸುಪಾಸು. ಗಂಡಸಿನದು ಹೊಟ್ಟೆ ಕುಯ್ಯದ, ಹತ್ತಿಪ್ಪತ್ತು ನಿಮಿಷದ ಕೆಲಸ. ಎರಡು ದಿನ ಬಿಟ್ಟು ಹಗುರ ಕೆಲಸಕ್ಕೆ ಹೋಗಬಹುದು. ಮೂರು ತಿಂಗಳು ಮಾತ್ರ ಹೆಂಡತಿ ಬಸುರಾಗದಂತೆ ಬೇರೆ ಜಾಗ್ರತೆ ಬೇಕು. ಆದರೂ ‘ದುಡಿಯೋ ಗಂಡಸು, ಶಕ್ತಿ ಹೋದೀತು’ ಎನ್ನುತ್ತಾರೆ. ಸೊಪ್ಪು ಹೊರುವ ಹೆಂಗಸಿನ ಶಕ್ತಿಯ ಚಿಂತೆ ಯಾರಿಗೂ ಇದ್ದಂತಿಲ್ಲ! ತುರ್ತುಪರಿಸ್ಥಿತಿಯ 1976-77ರಲ್ಲಿ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಶಸ್ತ್ರಚಿಕಿತ್ಸೆ ಆಯಿತು, ಎಷ್ಟೋ ಕಡೆ ಬಲವಂತವಾಗಿ. ಆ ಭಯ ಅವರನ್ನು ಬಿಡಲಿಲ್ಲ. ಭಾರ ಹೆಂಗಸರ ಮೇಲೆ ಬಿತ್ತು.

ಹಾಗೆ ನೋಡಿದರೆ ಸರ್ಕಾರವೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದ ಮೊದಲ ನಾಡು ನಮ್ಮ ಮೈಸೂರು ಸಂಸ್ಥಾನ, 1930ರಲ್ಲಿ. 1950ರ ದಶಕದ ಆರಂಭದಲ್ಲಿ ರಾಮನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಬಸುರು ತಪ್ಪಿಸಲು ಮುಟ್ಟಿನ ದಿನ ಎಣಿಸುವ ಪ್ರಯೋಗ ನಡೆಯಿತು. ಅದಕ್ಕೆ ಬಣ್ಣದ ಮಣಿಸರ ಮಾಡಿಕೊಟ್ಟರು. ಅಲ್ಲೂ ಎಣಿಸಬೇಕಾದವಳು ಹೆಂಗಸೇ.

ಹೆಂಗಸರ ಮೇಲೆ ಬಿದ್ದ ಈ ಭಾರ ಜೀವವನ್ನೂ ತೆಗೆದಿದೆ. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸ್‌ಪುರದ ಸಂತಾನಹರಣ ಶಿಬಿರದಲ್ಲಿ ಒಂದೇ ದಿನ 83 ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಿದರು, ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಲು ಹೇಳಿತು.

ಬೇರೆ ದಾರಿಗಳು ಇಲ್ಲವೆಂದಲ್ಲ. ಮೂರು ತಿಂಗಳಿಗೊಮ್ಮೆ ‘ಅಂತರಾ’ ಚುಚ್ಚುಮದ್ದು, ‘ಛಾಯಾ’ ಮಾತ್ರೆ, 10 ವರ್ಷದ ಕಾಪರ್-ಟಿ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಅಂತರಾದಿಂದ ಮುಟ್ಟು ಏರುಪೇರಾಗುತ್ತದೆ, ನಿಂತೂ ಹೋಗಬಹುದು. ಮೊದಲೇ ಹೇಳದಿದ್ದರೆ ಹೆದರಿ ಬಿಡುತ್ತಾರೆ. ಬಿ.ಪಿ. ಇರುವವರು, ಎಳೆ ಬಾಣಂತಿಯರು ಎರಡು ಹಾರ್ಮೋನಿನ ಮಾಮೂಲಿ ಗುಳಿಗೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು. ಆಪರೇಷನ್ ಆದ ಮೇಲೂ ಅಪರೂಪಕ್ಕೆ ಬಸುರು ನಿಲ್ಲುತ್ತದೆ. ಅಂಥಾಗ 20 ವಾರದೊಳಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಕಾನೂನಿನ ಅವಕಾಶವಿದೆ. 18 ತುಂಬಿದವಳಾದರೆ ಅವಳ ಒಪ್ಪಿಗೆಯೇ ಸಾಕು, ಗಂಡನ ಸಹಿ ಬೇಕಿಲ್ಲ.