ನೊರೆನೀರಿನ ಯಾನ: ಆಯ್ಕೆಯ ವಿವೇಕ

ಗಾಳಿ ತುಂಬಿದ ಗಟ್ಟಿ ರಬ್ಬರ್ ದೋಣಿಯಲ್ಲಿ ಕುಳಿತು, ಹುಟ್ಟು ಹಾಕುತ್ತಾ, ಬೆಟ್ಟಸೀಮೆಯ ನದಿಗಳ ರಭಸದ ಹರಿವಿನೊಡನೆ ಇಳಿದುಹೋಗುವ ಸಾಹಸಕ್ರೀಡೆಗೆ ರ‍್ಯಾಫ್ಟಿಂಗ್ ಎಂದು ಹೆಸರು. ಭಾರತದಲ್ಲಿ ಇದಕ್ಕೆ ಅತ್ಯಂತ ಹೆಸರಾದ ತಾಣ ಉತ್ತರಾಖಂಡದ ಹೃಷಿಕೇಶವಾಗಿದ್ದು, ತೀರ್ಥಯಾತ್ರೆಗೆಂದು ಅಲ್ಲಿಗೆ ಹೋಗುವ ಕನ್ನಡಿಗರಲ್ಲಿಯೂ ಗಂಗೆಯ ಮೇಲೆ ದೋಣಿಯಾನ ಮಾಡಿ ಬರುವವರು ಅನೇಕರಿದ್ದಾರೆ. ಹೀಗೆ ಹೊರಡುವವರು ಸಾಮಾನ್ಯವಾಗಿ ದರವನ್ನೂ ಅವಧಿಯನ್ನೂ ಹೋಲಿಸಿ ನೋಡುತ್ತಾರೆ. ಆದರೆ ಯಾನದ ಸುಖವನ್ನೂ ಸುರಕ್ಷತೆಯನ್ನೂ ಮೊದಲು ನಿರ್ಧರಿಸುವುದು ನದಿಯ ಯಾವ ಭಾಗದಲ್ಲಿ, ಯಾವ ಕಾಲದಲ್ಲಿ, ಎಷ್ಟು ನೀರಿರುವಾಗ ಇಳಿಯಲಾಗುತ್ತದೆ ಎಂಬ ಸಂಗತಿಯೇ ಆಗಿರುವುದರಿಂದ, ನದಿಯ ಸ್ವಭಾವವನ್ನು ತಿಳಿದುಕೊಳ್ಳುವುದೇ ಆಯ್ಕೆಯ ಮೊದಲ ಹೆಜ್ಜೆಯಾಗಬೇಕು.

ಸಮತಟ್ಟು ನೆಲದಲ್ಲಿ ನಿಧಾನವಾಗಿ ಹರಿಯುವ ನೀರು, ಪಾತ್ರ ಇಳಿಜಾರಾದಲ್ಲಿ, ಇಕ್ಕೆಲದ ಬಂಡೆಗಳು ಅದನ್ನು ಇಕ್ಕಟ್ಟಿಗೆ ಸಿಲುಕಿಸಿದಲ್ಲಿ, ಅಥವಾ ಪಕ್ಕದ ಹಳ್ಳವೊಂದು ತನ್ನೊಡನೆ ತಂದ ಗುಂಡುಕಲ್ಲುಗಳನ್ನು ನದಿಯ ನಡುವೆ ಸುರಿದಲ್ಲಿ ಒಮ್ಮೆಗೇ ರಭಸಗೊಂಡು ಕಲ್ಲಿಗೆ ಬಡಿದು, ಗಾಳಿಯನ್ನು ಒಳಗೆ ಸೆಳೆದುಕೊಂಡು, ಗುಳ್ಳೆಗಳಿಂದ ಬೆಳ್ಳಗೆ ನೊರೆಯೇಳುತ್ತದೆ. ಇಂಥ ರಭಸದ ಭಾಗವನ್ನು ರ‍್ಯಾಪಿಡ್ ಎನ್ನುತ್ತಾರೆ. ಹೃಷಿಕೇಶದ ಮೇಲಣ ಗಂಗೆಯಲ್ಲಿ ಒಂದು ರ‍್ಯಾಪಿಡ್ ಮುಗಿದ ಮೇಲೆ ಸಾಮಾನ್ಯವಾಗಿ ಆಳವಾದ ಶಾಂತ ಮಡುವೊಂದು ಸಿಗುತ್ತದೆ. ದೋಣಿಯಿಂದ ಬಿದ್ದವರನ್ನು ಎತ್ತಿಕೊಳ್ಳಲು, ದಣಿದವರು ಉಸಿರು ತಿರುಗಿಸಿಕೊಳ್ಳಲು ಈ ಮಡುಗಳು ಅವಕಾಶ ಕೊಡುವುದರಿಂದ ಹೊಸಬರಿಗೆ ಇಂಥ ನದಿ ಹೆಚ್ಚು ಅನುಕೂಲಕರ. ಮಡುಗಳಿಲ್ಲದೆ ಮೈಲಿಗಟ್ಟಲೆ ಒಂದೇ ಸಮನೆ ರಭಸದಿಂದ ಹರಿಯುವ ನದಿಯಲ್ಲಾದರೋ ಸಣ್ಣ ತಪ್ಪೂ ಬಹುದೂರದವರೆಗೆ ಬೆನ್ನಟ್ಟಿ ಬರುತ್ತದೆ.

ರ‍್ಯಾಪಿಡ್‌ಗಳ ಕಾಠಿಣ್ಯವನ್ನು 1ರಿಂದ 6ರವರೆಗಿನ ಅಂತರರಾಷ್ಟ್ರೀಯ ದರ್ಜೆಗಳಲ್ಲಿ ಸೂಚಿಸುವ ಪದ್ಧತಿಯಿದೆ. 1ನೆಯ ದರ್ಜೆಯೆಂದರೆ ಸಣ್ಣ ಅಲೆಗಳುಳ್ಳ ಸುಲಭವಾದ ಹರಿವು. 2ನೆಯದರಲ್ಲಿ ಅಲೆಗಳಿದ್ದರೂ ದಾರಿ ಸ್ಪಷ್ಟವಾಗಿರುತ್ತದೆ. 3ನೆಯದರಲ್ಲಿ ಅಲೆಗಳು ಅಡ್ಡಾದಿಡ್ಡಿಯಾಗಿದ್ದು ದೋಣಿಯನ್ನು ಚುರುಕಾಗಿ ತಿರುಗಿಸಬೇಕಾಗುತ್ತದೆ. 4ನೆಯದಕ್ಕೆ ನಿಖರವಾದ ಚಾಲನೆ ಮತ್ತು ಒಗ್ಗಿದ ತಂಡ ಬೇಕು. 5ನೆಯದು ನುರಿತವರಿಗೆ ಮಾತ್ರ ಮೀಸಲು. 6ನೆಯದು ದೋಣಿ ಇಳಿಸಲಾಗದಷ್ಟು, ಇಳಿಸಿದರೆ ಪ್ರಾಣಕ್ಕೇ ಎರವಾಗುವಷ್ಟು ಕಠಿಣ. ಆದರೆ ಈ ದರ್ಜೆ ನದಿಗೆ ಶಾಶ್ವತವಾಗಿ ಅಂಟಿಕೊಂಡ ಗುಣವಲ್ಲವೆಂಬುದನ್ನು ಮರೆಯಬಾರದು. ನೀರು ಏರಿದಾಗ ಕೆಲವು ಬಂಡೆಗಳು ಮುಳುಗಿ ರ‍್ಯಾಪಿಡ್ ಸಪಾಟಾದರೆ, ಇನ್ನು ಕೆಲವೆಡೆ ಬಂಡೆಯ ಮೇಲಿಂದ ಧುಮುಕಿದ ನೀರು ಬುಡದಲ್ಲಿ ಹಿಂದಕ್ಕೆ ಮಗುಚಿಕೊಂಡು, ಸಿಕ್ಕಿದ್ದನ್ನೆಲ್ಲ ಹಿಡಿದಿಡುವ ಗುಂಡಿಯಾಗುತ್ತದೆ. ಆದ್ದರಿಂದ ಜಾಹೀರಾತಿನಲ್ಲಿ ಅಚ್ಚಾದ ದರ್ಜೆಗಿಂತ, ಹೊರಡುವ ದಿನದ ನೀರಿನ ಮಟ್ಟದಲ್ಲಿ ಆ ಭಾಗ ಹೇಗಿದೆಯೆಂದು ಸ್ಥಳೀಯ ಗೈಡ್ ಹೇಳುವ ಮಾತೇ ಹೆಚ್ಚು ನಂಬತಕ್ಕದ್ದು.

ದೇವಪ್ರಯಾಗದಲ್ಲಿ ಅಲಕನಂದಾ ಮತ್ತು ಭಾಗೀರಥಿಗಳು ಕೂಡಿದ ಮೇಲೆ ಗಂಗೆಯೆಂಬ ಹೆಸರು ಪಡೆಯುವ ನದಿಯಲ್ಲಿ ಹೃಷಿಕೇಶದವರೆಗಿನ ಯಾನಗಳು ಮುಖ್ಯವಾಗಿ ನಾಲ್ಕು ಕಡೆಗಳಿಂದ ಆರಂಭವಾಗುತ್ತವೆ. ಬ್ರಹ್ಮಪುರಿಯಿಂದ ಸುಮಾರು 9 ಕಿಲೋಮೀಟರ್ ದೂರದ ಚಿಕ್ಕ ಯಾನ ಮೊದಲ ಸಲ ದೋಣಿಯೇರುವವರಿಗೂ ನೀರಿನ ಅಳುಕು ಇರುವವರಿಗೂ ಹೊಂದುತ್ತದೆ. ಶಿವಪುರಿಯಿಂದ ಸುಮಾರು 16 ಕಿಲೋಮೀಟರ್ ದೂರದ ಯಾನದಲ್ಲಿ ರೋಲರ್ ಕೋಸ್ಟರ್, ಗಾಲ್ಫ್ ಕೋರ್ಸ್ ಮೊದಲಾದ ಹೆಸರಾಂತ ರ‍್ಯಾಪಿಡ್‌ಗಳು ಸಿಗುವುದರಿಂದ ಹೆಚ್ಚಿನವರು ಇದನ್ನೇ ಆರಿಸಿಕೊಳ್ಳುತ್ತಾರೆ. ಮರೀನ್ ಡ್ರೈವ್ ಎಂಬಲ್ಲಿಂದ ಸುಮಾರು 25, ಕೌಡಿಯಾಲಾದಿಂದ ಸುಮಾರು 35 ಕಿಲೋಮೀಟರ್ ಸಾಗುವ ಯಾನಗಳಿಗೆ ಮೈಯಲ್ಲಿ ಕಸುವೂ ಹಿಂದಿನ ಅನುಭವವೂ ಇರಬೇಕು. ಕೌಡಿಯಾಲಾದ ಕೆಳಗೆ ಸಿಗುವ ‘ವಾಲ್’, ಅಂದರೆ ಗೋಡೆ ಎಂಬ ಹೆಸರಿನ 4ನೆಯ ದರ್ಜೆಯ ರ‍್ಯಾಪಿಡ್ ದೋಣಿಗಳನ್ನು ಮಗುಚಿಹಾಕುವುದರಲ್ಲಿ ಕುಖ್ಯಾತವಾಗಿದೆ. ದೂರ ಹೆಚ್ಚಿದಷ್ಟೂ ಹಣಕ್ಕೆ ಹೆಚ್ಚು ಫಲ ದೊರೆಯಿತೆಂದು ಭಾವಿಸುವುದು ತಪ್ಪು. ತಣ್ಣೀರಿನಲ್ಲಿ ತೋಯ್ದ ಮೈ ದಣಿದಂತೆಲ್ಲ ಹುಟ್ಟಿನ ಹಿಡಿತ ಸಡಿಲಗೊಂಡು, ಕೊನೆಯ ಘಟ್ಟದಲ್ಲಿ ತಪ್ಪುಗಳು ಹೆಚ್ಚುತ್ತವೆ.

ಋತುವಿನ ವಿಚಾರಕ್ಕೆ ಬಂದರೆ, ನದಿಗೆ ನೀರು ಎಲ್ಲಿಂದ ಬರುತ್ತದೆಯೆಂಬುದನ್ನು ಅರಿತರೆ ಉಳಿದುದೆಲ್ಲ ಸ್ಪಷ್ಟವಾಗುತ್ತದೆ. ಗಂಗೆಯಲ್ಲಿ ಮುಂಗಾರಿನ ಕೆಂಪು ನೀರು ದಡ ಕೊರೆಯುವ ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಯಾನಗಳು ನಿಲ್ಲುತ್ತವೆ. ಸೆಪ್ಟೆಂಬರ್ ಕೊನೆಯಿಂದ ಜೂನ್‌ವರೆಗೆ ನಡೆಯುವ ಋತುವಿನಲ್ಲಿಯೂ ಚಳಿಗಾಲದ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ಲಡಾಖಿನ ಝಂಸ್ಕಾರ್ ನದಿಯ ರೀತಿ ಇದಕ್ಕೆ ವಿರುದ್ಧವಾದುದು: ಅದು ಹಿಮ ಕರಗುವ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಯಾನಕ್ಕೆ ಒದಗುತ್ತದೆ. ಬಿಸಿಲೇರಿದಂತೆ ಹಿಮ ಕರಗುವುದರಿಂದ ಇಂಥ ನದಿಗಳಲ್ಲಿ ಬೆಳಗ್ಗೆ ಇದ್ದ ನೀರಿಗಿಂತ ಸಂಜೆಯ ನೀರು ಹೆಚ್ಚಿರಬಹುದು; ಅಲ್ಲದೆ ಝಂಸ್ಕಾರಿಗೆ ಹೋಗುವ ದಾರಿಯ ಲೇಹ್ ಪಟ್ಟಣ ಸುಮಾರು 3500 ಮೀಟರ್ ಎತ್ತರದಲ್ಲಿರುವುದರಿಂದ, ವಿಮಾನದಲ್ಲಿ ಹೋದವರು ಕನಿಷ್ಠ ಎರಡು ದಿನ ವಿಶ್ರಮಿಸಿ, ಮೈಯನ್ನು ತೆಳುಗಾಳಿಗೆ ಒಗ್ಗಿಸಿಕೊಂಡ ಮೇಲೆಯೇ ನೀರಿಗಿಳಿಯಬೇಕು. ಕರ್ನಾಟಕದಲ್ಲಿಯೂ ಈ ಭೇದವನ್ನು ಕಾಣಬಹುದು. ದಕ್ಷಿಣ ಕೊಡಗಿನ ಬರಪೊಳೆ ಮಳೆಯನ್ನೇ ನಂಬಿದ ಹೊಳೆಯಾದುದರಿಂದ ಅಲ್ಲಿನ ಯಾನ ಮಳೆಗಾಲದ ತಿಂಗಳುಗಳಿಗೆ ಸೀಮಿತವಾಗಿದ್ದರೆ, ದಾಂಡೇಲಿ ಸಮೀಪದ ಗಣೇಶಗುಡಿಯ ಬಳಿ ಕಾಳಿ ನದಿಯ ಯಾನ ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ಅವಲಂಬಿಸಿದೆ. ಅಣೆಕಟ್ಟಿನ ಕೆಳಗೆ ನೀರು ಮುಗಿಲನ್ನು ನೋಡಿ ಏರುವುದಿಲ್ಲ. ನಿಚ್ಚಳ ಆಕಾಶದ ದಿನವೂ ದಿಢೀರನೆ ಏರಬಹುದಾದ್ದರಿಂದ, ನೀರು ಬಿಡುವ ವೇಳೆಯ ಮಾಹಿತಿಯಿಲ್ಲದ ತಂಡದೊಡನೆ ಅಲ್ಲಿ ಇಳಿಯಬಾರದು.

ನದಿಯ ಆಯ್ಕೆಯಾದ ಮೇಲೆ ತಂಡದ ಆಯ್ಕೆ ಬರುತ್ತದೆ. 2018ರ ಜೂನ್ ತಿಂಗಳಿನಲ್ಲಿ ಉತ್ತರಾಖಂಡ ಹೈಕೋರ್ಟು, ಸರ್ಕಾರ ಸೂಕ್ತ ನಿಯಮಗಳನ್ನು ರೂಪಿಸುವವರೆಗೆ ರ‍್ಯಾಫ್ಟಿಂಗ್ ಮೊದಲಾದ ಜಲಕ್ರೀಡೆಗಳನ್ನು ನಿಲ್ಲಿಸುವಂತೆ ಆದೇಶಿಸಿದ್ದು, ಈ ಉದ್ಯಮದಲ್ಲಿ ಶಿಸ್ತು ಎಷ್ಟು ಅಗತ್ಯವೆಂಬುದನ್ನು ತೋರಿಸುತ್ತದೆ. ಪರವಾನಗಿಯುಳ್ಳ ಸಂಸ್ಥೆಯೇ, ಗೈಡ್ ತರಬೇತಿ ಪಡೆದವನೇ, ಅದೇ ಭಾಗದಲ್ಲಿ ಅವನಿಗೆ ಎಷ್ಟು ವರ್ಷಗಳ ಅನುಭವವಿದೆ ಎಂಬುದನ್ನು ಸಂಕೋಚವಿಲ್ಲದೆ ಕೇಳಬೇಕು. ಲೈಫ್ ಜಾಕೆಟ್ಟು ಮೈಗೆ ಬಿಗಿಯಾಗಿ ಕೂತಿದೆಯೇ, ಭುಜದ ಪಟ್ಟಿ ಹಿಡಿದೆತ್ತಿದರೆ ಗಲ್ಲದ ಮೇಲಕ್ಕೆ ಜಾರುತ್ತದೆಯೇ ಎಂದು ದಡದಲ್ಲಿಯೇ ಪರೀಕ್ಷಿಸಬೇಕು. ನೊರೆಯಲ್ಲಿ ಗಾಳಿಗುಳ್ಳೆಗಳೇ ತುಂಬಿದ್ದು ನೀರು ಮೈಯನ್ನು ಅಷ್ಟಾಗಿ ಎತ್ತಿಹಿಡಿಯದ ಕಾರಣ ಒಳ್ಳೆಯ ಈಜುಗಾರರಿಗೂ ಜಾಕೆಟ್ಟು ಅನಿವಾರ್ಯ. ಹೆಲ್ಮೆಟ್, ಬಿದ್ದವರತ್ತ ಎಸೆಯಲು ಚೀಲದಲ್ಲಿ ಸುತ್ತಿಟ್ಟ ಹಗ್ಗ, ಪ್ರಥಮಚಿಕಿತ್ಸೆಯ ಪೆಟ್ಟಿಗೆ, ಜೊತೆಗೆ ಸಾಗುತ್ತಾ ಬಿದ್ದವರನ್ನು ಥಟ್ಟನೆ ತಲುಪಬಲ್ಲ ರಕ್ಷಣಾ ಕಯಾಕ್, ಅಂದರೆ ಒಬ್ಬನೇ ನಡೆಸುವ ಕಿರಿದಾದ ದೋಣಿ, ಇವು ಒಳ್ಳೆಯ ತಂಡದ ಲಕ್ಷಣಗಳು.

ಹೊರಡುವ ಮುನ್ನ ಗೈಡ್ ಕೊಡುವ ಸೂಚನೆಗಳು ಯಾನದ ಅತ್ಯಂತ ಬೆಲೆಯುಳ್ಳ ನಿಮಿಷಗಳು. ನೀರಿಗೆ ಬಿದ್ದವರು ಅಂಗಾತ ತೇಲುತ್ತಾ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಕಾಲ್ಬೆರಳುಗಳು ನೀರಿನ ಮೇಲೆ ಕಾಣುವಂತೆ ಇಟ್ಟುಕೊಳ್ಳಬೇಕು. ರಭಸದಲ್ಲಿ ಎದ್ದು ನಿಲ್ಲಲು ಹೋದರೆ ತಳದ ಕಲ್ಲುಗಳ ಸಂದಿಗೆ ಪಾದ ಸಿಕ್ಕಿಕೊಂಡು, ಮೊಣಕಾಲುದ್ದದ ನೀರೂ ಮನುಷ್ಯನನ್ನು ಕೆಡವಿ ಒತ್ತಿಹಿಡಿಯಬಲ್ಲದು. ಈ ಸೂಚನೆಗಳನ್ನು ತನಗೆ ತಿಳಿಯುವ ಭಾಷೆಯಲ್ಲಿ ಹೇಳಿಸಿಕೊಳ್ಳುವುದು ಪ್ರತಿಯೊಬ್ಬ ಪ್ರಯಾಣಿಕನ ಹಕ್ಕು. ಪ್ರಯಾಣಿಕನಿಗೂ ಕರ್ತವ್ಯವಿದೆ: ಹೃದಯದ ತೊಂದರೆ, ಮೂರ್ಛೆರೋಗ, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭಧಾರಣೆ ಇವನ್ನು ಮುಚ್ಚಿಡಬಾರದು, ಮದ್ಯ ಸೇವಿಸಿ ದೋಣಿಯೇರಬಾರದು.

ಕೊನೆಗೆ, ಒಳ್ಳೆಯ ತಂಡವನ್ನು ಗುರುತಿಸಲು ಮುಂಗಡ ಹಣ ಕೊಡುವ ಮೊದಲೇ ಕೇಳಬೇಕಾದ ಪ್ರಶ್ನೆಯೊಂದಿದೆ: ನೀರು ಮಿತಿಮೀರಿ ಏರಿದ ದಿನ ಯಾನವನ್ನು ಯಾರು, ಯಾವ ಗುರುತನ್ನು ನೋಡಿ ನಿಲ್ಲಿಸುತ್ತಾರೆ, ಮತ್ತು ಹಾಗೆ ನಿಲ್ಲಿಸಿದರೆ ಕೊಟ್ಟ ಹಣದ ಗತಿಯೇನು? ಇದಕ್ಕೆ ಸ್ಪಷ್ಟ ಉತ್ತರವಿರುವ ತಂಡ ನದಿಯನ್ನು ದಿನವೂ ಓದುತ್ತಿದೆಯೆಂದು ತಿಳಿಯಬಹುದು. ದಡದ ಬಂಡೆಯ ಮೇಲಿನ ನೀರಿನ ಗೆರೆಯನ್ನು ನೋಡಿ ‘ಇಂದು ಬೇಡ’ ಎನ್ನುವ ಗೈಡ್‌ನ ಮಾತಿಗೆ ಬೇಸರಪಡದೆ ಹಿಂದಿರುಗಿದ ಪ್ರಯಾಣಿಕ, ನೀರು ಇಳಿದ ದಿನ ಅದೇ ನದಿಗೆ ಮತ್ತೆ ಬರಬಲ್ಲ.