ಕಾಣದ ಗಾಯಕ್ಕೂ ಮದ್ದುಂಟು

2022ರ ಜೂನ್ 3ರಂದು ಗೋವಾದಿಂದ ಹೈದರಾಬಾದ್‌ಗೆ ಹೊರಟಿದ್ದ ಬಸ್ಸೊಂದು ಕಮಲಾಪುರದ ಬಳಿ ಅಪಘಾತಕ್ಕೀಡಾಗಿ ಹೊತ್ತಿ ಉರಿದದ್ದು ನಿಮಗೆ ನೆನಪಿರಬಹುದು. ಕನಿಷ್ಠ ಏಳು ಮಂದಿ ಪ್ರಾಣ ಕಳೆದುಕೊಂಡರು. ಸುಟ್ಟ ಚರ್ಮಕ್ಕೆ ಮುಲಾಮು ಉಂಟು. ಆ ಚೀರಾಟ ಕೇಳಿದವರ ಮನಸ್ಸಿಗೆ? ಅದಕ್ಕೂ ಮೊದಲು, 2020ರ ಮಾರ್ಚ್‌ನಲ್ಲಿ, ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯ ಹಿರಿಯರೊಬ್ಬರದು. ಆ ದಿನಗಳಲ್ಲಿ ಮಯ್ಯತ್‌ನ ಮುಖವನ್ನೂ ನೋಡಲಾಗದೆ ಬೀಳ್ಕೊಟ್ಟ ಮನೆಗಳೆಷ್ಟು!

ದೊಡ್ಡವರು ಹೇಗೋ ಹೇಳಿಕೊಂಡು ಅಳುತ್ತಾರೆ. ಮಗು ಹೇಳುವುದಿಲ್ಲ. ಹಾಸಿಗೆ ಒದ್ದೆ ಮಾಡುತ್ತದೆ, ಶಾಲೆ ಎಂದರೆ ಹೊಟ್ಟೆನೋವು ಎನ್ನುತ್ತದೆ, ಅಮ್ಮಿಯ ಸೆರಗು ಬಿಡುವುದಿಲ್ಲ. ನಾವು ನಜರ್ ಎಂದು ಮೆಣಸಿನಕಾಯಿ ಸುಡುತ್ತೇವೆ, ಇಲ್ಲವೇ ಎರಡೇಟು ಹಾಕುತ್ತೇವೆ. ಆಪ್ತ ಸಮಾಲೋಚಕರು ಮಗುವಿನ ಮುಂದೆ ಆಟಿಕೆ, ಬಣ್ಣದ ಕಡ್ಡಿ ಇಡುತ್ತಾರೆ. ಮಗು ಆಟದ ಬಸ್ಸನ್ನು ಮತ್ತೆ ಮತ್ತೆ ಡಿಕ್ಕಿ ಹೊಡೆಸಬಹುದು. ನಾಲಿಗೆಗೆ ಬಾರದ್ದು ಹೀಗೆ ಕೈಯಲ್ಲಿ ಹೊರಬರುತ್ತದೆ. ಉಳಿದರ್ಧ ಕೆಲಸ ನಿಮ್ಮದು: ಒದ್ದೆ ಹಾಸಿಗೆಗೆ ಗದರದಿರುವುದು, ಹೊತ್ತಿಗೆ ಸರಿಯಾಗಿ ಮಲಗಿಸುವುದು.

ಗಂಡ-ಹೆಂಡಿರ ಜಗಳವಾದರೆ ಎರಡೂ ಕಡೆಯ ಹಿರಿಯರು ಕೂರುವುದು ನಮ್ಮಲ್ಲಿ ಹಳೆಯ ರೂಢಿ. ಅಲ್ಲಿ ತಪ್ಪು ಯಾರದೆಂಬುದೇ ಪ್ರಶ್ನೆ. ಸಮಾಲೋಚಕರು ಜಗಳ ಹೇಗೆ ಶುರುವಾಗುತ್ತದೆ ಎಂದು ಕೇಳುತ್ತಾರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ತಿರುಗಿ ಹೇಳಿಸುತ್ತಾರೆ. ಆದರೆ ಹೊಡೆತವಿರುವ ಮನೆಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸುವುದು ಸರಿಯಲ್ಲ. ಗಂಡನೆದುರು ಅವಳು ಏನು ತಾನೇ ಹೇಳಿಯಾಳು? ಮೊದಲು ಅವಳ ಸುರಕ್ಷೆ.

ಆಘಾತದ ನಂತರ ಕೆಲವು ವಾರ ನಿದ್ದೆಗೆಡುವುದು ಸಹಜ. ಹೆಚ್ಚಿನವರು ತಾವೇ ಚೇತರಿಸುತ್ತಾರೆ. ತಿಂಗಳು ಕಳೆದರೂ ದುಃಸ್ವಪ್ನ, ಬೆಚ್ಚಿಬೀಳುವುದು ನಿಲ್ಲದಿದ್ದರೆ ತಡ ಮಾಡಬೇಡಿ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಆದ್ದರಿಂದ ಮೊದಲು ನಿಂತ ಬಸ್ಸಿನಲ್ಲಿ ಕೂರುವುದು, ಆಮೇಲೆ ಒಂದು ಸ್ಟಾಪ್, ಮುಂದೊಂದು ದಿನ ಕಮಲಾಪುರದಿಂದ ಕಲಬುರಗಿಯವರೆಗೆ.

ದೂರದ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಿಲ್ಲಾ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. 'ಮಗಳ ಸಂಬಂಧಕ್ಕೆ ಅಡ್ಡಿಯಾದೀತು' ಎಂಬ ಅಳುಕೇ? 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿಷಯ ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಮನೆಯಿಂದ ಹೊರಡಲಾಗದವರಿಗೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಇದೆ: 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.